ಊಟದ ಮೇಜಿನ ಮಾಲ್ಟೀಸ್

ಶ್ರವಣ್ ಭಾಷಾವಿಜ್ಞಾನದ ಸಂಶೋಧನೆಗೆ ಮಾಲ್ಟೀಸ್ ಭಾಷೆಯನ್ನು ಆರಿಸಿಕೊಂಡದ್ದಕ್ಕೆ ಕಾರಣ ಒಂದೇ: ಆ ಭಾಷೆಯ ಬಗ್ಗೆ ಅವರು ವಾಸವಿದ್ದ ದುಬೈಯ ಕರಾಮ ಬಡಾವಣೆಯಲ್ಲಿ ಯಾರಿಗೂ ಅಭಿಪ್ರಾಯವಿರಲಿಲ್ಲ. ತುಳು ಎಂದಿದ್ದರೆ ತುಳುವರೇ ತುಂಬಿದ್ದ ಇಡೀ ಕಟ್ಟಡ ತಿದ್ದಲು ಬರುತ್ತಿತ್ತು. ಅರಬಿ ಎಂದಿದ್ದರೆ ಕೆಳಗಿನ ಅಂಗಡಿಯವರೂ ಬಿಡುತ್ತಿರಲಿಲ್ಲ. ಎಲ್ಲೋ ಸಮುದ್ರದ ನಡುವಿನ ದ್ವೀಪದ, ಅರಬಿಗೆ ದೂರದ ನೆಂಟಸ್ತಿಕೆಯ ಭಾಷೆಯಾದರೆ ನೆಮ್ಮದಿ ಎಂದುಕೊಂಡಿದ್ದ ಪುಣ್ಯಾತ್ಮ.

ಆದರೆ ಅದನ್ನು ಆಡುವವರೂ ಕರಾಮದಲ್ಲಿರಲಿಲ್ಲ. ಗುರುವಾರ ಸಂಜೆ ಐದರೊಳಗೆ ಅರ್ಧ ಗಂಟೆಯ ಮಾಲ್ಟೀಸ್ ಮಾತು ರೆಕಾರ್ಡ್ ಮಾಡಿ ಒಪ್ಪಿಸದಿದ್ದರೆ ಪದವಿ ಗೋತಾ. ಆಮೇಲೆ ಜೆಬೆಲ್ ಅಲಿಯ ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುವ ಕೆಲಸ ಎಂದು ಅಪ್ಪ ಶೀನಪ್ಪ ಹೇಳಿಬಿಟ್ಟಿದ್ದರು. ಅಲ್ಲಿಗೆ ಕಂಪೆನಿ ಬಸ್ಸು ಹೊರಡುವುದು ಬೆಳಗ್ಗೆ ಐದಕ್ಕೆ.

ಸುದ್ದಿ ತಿಳಿದ ಎದುರುಮನೆಯ ಗರ್ಟ್ರೂಡ್ ಆಂಟಿ ಅದೇ ಗುರುವಾರ ಮಧ್ಯಾಹ್ನ ತಾವು ಕೆಲಸಕ್ಕಿದ್ದ ಹೋಟೆಲಿನಲ್ಲಿ ಕೇಕ್ ಮಾಡುವ ಸಾಲ್ವು ಎಂಬ ಮಾಲ್ಟಾದವನನ್ನು ಶ್ರವಣ್ ಮನೆಗೆ ಊಟಕ್ಕೆ ಕರೆತಂದೇಬಿಟ್ಟರು. ಶ್ರವಣ್ ಒಪ್ಪಿಗೆಪತ್ರಕ್ಕೆ ಸಹಿ ಹಾಕಿಸಿಕೊಂಡು, ರೆಕಾರ್ಡರ್ ಒತ್ತಿ, ಕೇಳಬೇಕಾದ ನೂರು ಪದಗಳ ಪಟ್ಟಿ ತೆಗೆದ.

"ಹೇನಿಗೆ ನಿಮ್ಮಲ್ಲಿ ಏನಂತಾರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಕೋರಿ ರೊಟ್ಟಿಗೆ ಸಾರು ಬಡಿಸುತ್ತಿದ್ದ ಅಮ್ಮ ಹರಿಣಾಕ್ಷಿಯ ಸೌಟು ನಿಂತಿತು. "ಎಂತ ಕೇಳುದು ನೀನು? ಮನೆಗೆ ಬಂದವರ ಹತ್ತಿರ ಹೇನಾ?"

"ಅಮ್ಮ, ಯಾವ ಭಾಷೆಯವರ ಹತ್ತಿರವೂ ಇದೇ ಪಟ್ಟಿ ಕೇಳುದು."

ಗರ್ಟ್ರೂಡ್ ಆಂಟಿ ಪಟ್ಟಿ ಕಿತ್ತುಕೊಂಡು ಓದಿದರು. ರಕ್ತ, ಕರುಳು, ಕಚ್ಚು, ಸಾಯು. "ದೇವಾ! ಊಟಕ್ಕೆ ಕೂತವರ ಹತ್ತಿರ ಸಾಯುದು ಕೇಳ್ತಾರಾ ಮಾರಾಯ? ನಾವು ಕೇಳ್ತೇವೆ, ನೀನು ಸುಮ್ಮನೆ ಕೂತ್ಕೋ."

ಪಟ್ಟಿ ಸಾರಿನ ಪಾತ್ರೆಯ ಅಡಿಗೆ ಹೋಯಿತು. ಅವರಿಬ್ಬರು ಕೇಳಬೇಕಾದ್ದನ್ನೆಲ್ಲ ಹಿಂದಿಯಲ್ಲಿ ಕೇಳಿದರು: ಅಣ್ಣತಮ್ಮಂದಿರೆಷ್ಟು, ಸಂಬಳವೆಷ್ಟು, ನಲವತ್ತಾದರೂ ಮದುವೆ ಯಾಕಾಗಲಿಲ್ಲ. ಹನ್ನೆರಡು ವರ್ಷ ದುಬೈಯ ಅಡುಗೆಮನೆಗಳಲ್ಲಿ ಕಳೆದ ಸಾಲ್ವು, "ಟೈಮ್ ಕಿಧರ್ ಮಿಲಾ, ಭಾಭೀ?" ಎಂದು ಹಿಂದಿಯಲ್ಲೇ ಹರಿದ.

"ಮಾಲ್ಟೀಸಿನಲ್ಲಿ ಹೇಳಿ, ಪ್ಲೀಸ್!" ಎಂದ ಶ್ರವಣ್.

"ಇವರಿಗೆ ಅರ್ಥವಾಗುತ್ತದಾ?"

"ಇಲ್ಲ."

"ಮತ್ಯಾಕೆ?" ಎಂದು ಸಾಲ್ವು ಇನ್ನೊಂದು ರೊಟ್ಟಿ ಗರಗರ ಮುರಿದ.

ಶ್ರವಣ್‌ಗೆ ಅಳುವೇ ಬಂತು. ಅಷ್ಟರಲ್ಲಿ ಸಾಲ್ವುವಿನ ಫೋನು ಮೊಳಗಿತು. ಮಾಲ್ಟಾದಿಂದ ಅವನ ಅಮ್ಮ! ಅಪ್ಪಟ ಮಾಲ್ಟೀಸು, ಮೂವತ್ತೈದು ನಿಮಿಷ. ಸಾಲ್ವು ನಕ್ಕ, ರೇಗಿದ, ಕಣ್ಣೊರೆಸಿಕೊಂಡ. ಶ್ರವಣ್ ರೆಕಾರ್ಡರನ್ನು ಮೆಲ್ಲಗೆ ಅವನ ತಟ್ಟೆಯ ಬಳಿ ಸರಿಸಿ, ತಾನು ಬಹಳ ಸಭ್ಯನೆಂದು ತೋರಿಸಲು ಬಾಲ್ಕನಿಗೆ ಹೋಗಿ ನಿಂತ. ಎದೆ ತುಂಬಿ ಬಂದಿತ್ತು. ಆ ಕಾಣದ ತಾಯಿಗೆ ಮನಸ್ಸಿನಲ್ಲೇ ಕೈಮುಗಿದ.

ಮೆಟ್ರೋ ಹಿಡಿದು ಓಡಿ ಪ್ರೊಫೆಸರ್ ಜಮೀಲಾರ ಕೋಣೆ ಸೇರಿದಾಗ ಐದಕ್ಕೆ ಐದು ನಿಮಿಷ. ಅವರು ರೆಕಾರ್ಡರ್ ಹಾಕಿದರು. ಬರೀ ಹಿಂದಿ ಮತ್ತು ರೊಟ್ಟಿ ಮುರಿಯುವ ಸದ್ದು.

"ಸ್ವಲ್ಪ ಮುಂದೆ ಹೋಗಿ, ಮೇಡಂ."

ಫೋನು ಮೊಳಗಿತು. ಸಾಲ್ವು ಒಂದೇ ಒಂದು ಮಾತಾಡಿದ. ಅದರ ಬೆನ್ನಿಗೇ ಗರ್ಟ್ರೂಡ್ ಆಂಟಿಯ ದನಿ: "ಪಾಪ, ಅಮ್ಮನ ಹತ್ತಿರ ಮಾತಾಡುವಾಗ ಇದೆಂತ ಕೆಂಪು ಲೈಟು? ಮರ್ಯಾದೆ ಬೇಡ್ವಾ?" ಟಕ್. ಮುಂದೆ ಏನೂ ಇಲ್ಲ.

"ಆ ಹೆಂಗಸು ಏನು ಹೇಳಿದರು?" ಎಂದರು ಪ್ರೊಫೆಸರ್. ಶ್ರವಣ್ ತಲೆ ತಗ್ಗಿಸಿ ಅನುವಾದಿಸಿದ.

ಪ್ರೊಫೆಸರ್ ಮುಖ ಅರಳಿತು. "ಒಪ್ಪಿಗೆಯಿಲ್ಲದೆ ಯಾರ ಮಾತನ್ನೂ ರೆಕಾರ್ಡ್ ಮಾಡಬಾರದೆಂದು ಇಡೀ ಸೆಮಿಸ್ಟರ್ ಬಡಕೊಂಡೆ. ಆ ತಾಯಿಯ ಸಹಿ ಎಲ್ಲಿ? ನಿನ್ನ ತಲೆಗೆ ಹತ್ತದ್ದು ಈ ವಿದುಷಿಯ ತಲೆಗೆ ಹತ್ತಿದೆ. ಇವರು ಓದಿದ್ದೆಲ್ಲಿ?"

"ಹೋಟೆಲಿನ ಲಾಂಡ್ರಿಯಲ್ಲಿದ್ದಾರೆ, ಮೇಡಂ."

"ಇನ್ನೊಂದು ವಾರ ಕೊಡುತ್ತೇನೆ. ಆದರೆ ಮೇಲ್ವಿಚಾರಣೆ ಅವರದ್ದೇ. ಅವರು ಒಪ್ಪಿ ಸಹಿ ಹಾಕಿದ ಪಟ್ಟಿ ಬಿಟ್ಟು ಒಂದು ಪದವನ್ನೂ ಕೇಳಕೂಡದು."

ಸಂಜೆ ಗರ್ಟ್ರೂಡ್ ಆಂಟಿ ಕನ್ನಡಕ ಏರಿಸಿ, ಸಾರಿನ ಕಲೆಯಾಗಿದ್ದ ಪಟ್ಟಿಯಲ್ಲಿ ತಮಗೆ ಸರಿಕಾಣದ್ದನ್ನೆಲ್ಲ ಗೀಟು ಹಾಕಿ ಹೊಡೆದರು. ನೂರು ಪದಗಳಲ್ಲಿ ಉಳಿದದ್ದು ನೀರು, ಮೀನು, ಅಮ್ಮ.

"ಮೂರು ಸಾಕು ಮಾರಾಯ," ಎಂದು ಚೆಂದವಾಗಿ ಸಹಿ ಹಾಕಿದರು.

ಶ್ರವಣ್ ಮನೆಗೆ ಬಂದು ಮೊಬೈಲಿನಲ್ಲಿ ನಾಲ್ಕೂವರೆಯ ಅಲಾರಂ ಇಟ್ಟ. ಐದರ ಬಸ್ಸಿಗೆ ಬೇಗ ಏಳುವುದು ಈಗಿಂದಲೇ ಅಭ್ಯಾಸವಾಗಲಿ ಎಂದು.