ದೇವಿ ಹಾಕುವ ಪರಮಣ್ಣನ ಚಲನಚಿತ್ರದ ಬಗ್ಗೆ

ದೇವಿ ಹಾಕುವ ಇಲಾಖೆಯ ಕಚೇರಿ, ರಾಯಚೂರು
ಸಂಖ್ಯೆ: ದೇ.ಹಾ./ಚ.ಚಿ./ಸ್ವಂತ ಮುಖ/೧೭, ಫಸಲಿ ೧೩೫೫ (ಕ್ರಿ.ಶ. ೧೯೪೫-೪೬)

ವಿಷಯ: ಸಿಡುಬು ಬಾರದಂತೆ ಸೂಜಿಯಿಂದ ದೇವಿ ಹಾಕುವ ನೌಕರರು ತಮ್ಮ ಕಿರು ಚಲನಚಿತ್ರವನ್ನು ತಾವೇ ತೆಗೆಯಲು, ಕತ್ತರಿಸಲು ಮತ್ತು ಜೋಡಿಸಲು ಕಲಿಯುವ ಕುರಿತು.

ಉಲ್ಲೇಖ: ೧) ಇದೇ ವಿಷಯದ ಹಿಂದಿನ ಸುತ್ತೋಲೆ (ಯಾರಿಗೂ ಅರ್ಥವಾಗದ ಕಾರಣ ಇನ್ನೂ ಜಾರಿಯಲ್ಲಿದೆ).
೨) ಹಿರೇಕೊಟ್ನೆಕಲ್ ಗ್ರಾಮಸ್ಥರ ಬಾಯಿಮಾತಿನ ದೂರು.

ಸೂಜಿ ಕಂಡರೆ ಜನ ಹೊಲದ ಕಡೆ ಓಟ ಕೀಳುತ್ತಿರುವುದರಿಂದ, ನೌಕರನೇ ದೇವಿ ಹಾಕಿಕೊಂಡೂ ಬದುಕಿರುವುದನ್ನು ಪರದೆಯ ಮೇಲೆ ತೋರಿಸಲು ತೀರ್ಮಾನಿಸಲಾಗಿತ್ತು. ಅದರಂತೆ, ಕೀಲಿ ಕೊಟ್ಟರೆ ಓಡುವ ಕ್ಯಾಮೆರಾ ಒಂದನ್ನು ದೇವದುರ್ಗದ ಹಂಗಾಮಿ ನೌಕರ ಪರಮಣ್ಣನ ಕೈಗೆ ಕೊಟ್ಟು, ಚಿತ್ರ ಒಪ್ಪಿಗೆಯಾದರೆ ನೌಕರಿ ಖಾಯಂ ಎಂದು ತಿಳಿಸಲಾಗಿತ್ತು. ಕುರಿ ಕಾಯುವ ಮನೆತನದಲ್ಲಿ ಮೊದಲ ಸಲ ಸರ್ಕಾರಿ ಸಂಬಳ ಕಂಡ ಈತ ಆ ಮಾತನ್ನು ನಂಬಿದ್ದು ವಿಚಾರಣೆಯಲ್ಲಿ ಹೊರಬಿದ್ದಿದೆ. ಆತನ ಪಾಡಿನಿಂದ ಇಲಾಖೆ ಕಲಿತದ್ದನ್ನು, ಆತನೊಬ್ಬನನ್ನು ಬಿಟ್ಟು ಉಳಿದೆಲ್ಲರ ಅನುಕೂಲಕ್ಕಾಗಿ, ಈ ಕೆಳಗೆ ವಿಧಿಸಲಾಗಿದೆ.

೧. ಕ್ಯಾಮೆರಾವನ್ನು ನೌಕರನಲ್ಲದೆ ಬೇರಾರೂ ಮುಟ್ಟತಕ್ಕದ್ದಲ್ಲ. ಚಿತ್ರದಲ್ಲಿ ನೌಕರನಲ್ಲದೆ ಬೇರಾರೂ ಕಾಣತಕ್ಕದ್ದಲ್ಲ. ಯಂತ್ರದ ಹಿಂದೆಯೂ ಮುಂದೆಯೂ ಏಕಕಾಲಕ್ಕೆ ಹಾಜರಿರುವುದು ಆತನ ಹೊಣೆ. ಹೀಗೆ ಹಾಜರಿದ್ದುದಕ್ಕೆ ಎರಡು ಭತ್ಯೆ ಕೇಳುವಂತಿಲ್ಲ.

೨. ಕೀಲಿ ಕೊಟ್ಟು, ಯಂತ್ರವನ್ನು ಗೋಡೆಯ ಮೇಲಿಟ್ಟು, ಮುಂದಕ್ಕೆ ಓಡಿ ಬಂದು, ಓಡಿ ಬರದವರಂತೆ ನಿಲ್ಲುವುದು. ಪರಮಣ್ಣನ ಮೊದಲ ಯತ್ನದಲ್ಲಿ ಓಡುವ ಬೆನ್ನು ಮಾತ್ರ ಕಂಡಿದೆ. ಮುಂದಿನದರಲ್ಲಿ ಕತ್ತಿನಿಂದ ಕೆಳಗಷ್ಟೇ ಬಂದಿದೆ. ತಲೆಯಿಲ್ಲದ ನೌಕರರು ಇಲಾಖೆಗೆ ಹೊಸಬರೇನಲ್ಲವಾದರೂ ಅವರನ್ನು ಸಾರ್ವಜನಿಕರಿಗೆ ತೋರಿಸುವುದು ಉಚಿತವಲ್ಲ.

೩. ಕೊನೆಗೆ ಆತನ ತಲೆಯೂ ಕಾಲೂ ಒಟ್ಟಿಗೆ ಸಿಕ್ಕಿವೆ. ಆಗ ಆತನ ಎದೆ ಡವಡವ ಹೊಡೆದುಕೊಂಡಿದ್ದು, ಅದಕ್ಕೆ ಪೂರ್ವಾನುಮತಿ ಪಡೆದಿರುವುದಿಲ್ಲ. ನಗುತ್ತ ನಡೆದು ಬರುವುದು, ತೋಳಿಗೆ ತಾನೇ ದೇವಿ ಹಾಕಿಕೊಳ್ಳುವುದು, ಮುಂದಿನ ದಿನಗಳಲ್ಲಿ ಬಂದ ಜ್ವರಕ್ಕೆ ಕಂಬಳಿ ಹೊದ್ದು ಮಲಗುವುದು, ಇಷ್ಟಾಗುವಲ್ಲಿ ರೀಲು ಮುಗಿದು, ಜ್ವರ ಬಿಟ್ಟು ಎದ್ದು ಕೂತದ್ದು ಚಿತ್ರಕ್ಕೆ ಸಿಕ್ಕಿಲ್ಲ. ಇನ್ನು ಮುಂದೆ ಜ್ವರವು ರೀಲಿನ ಉದ್ದ ನೋಡಿಕೊಂಡು ಬರತಕ್ಕದ್ದು.

೪. ಕತ್ತರಿಸಿದ ತುಂಡುಗಳನ್ನು ಕಡತದ ಪದ್ಧತಿಯಂತೆ, ಕೊನೆಯದು ಮೇಲೆ, ಮೊದಲನೆಯದು ತಳಕ್ಕೆ ಬರುವಂತೆ ಅಂಟಿಸತಕ್ಕದ್ದು. ಹೆಡ್ ಗುಮಾಸ್ತ ಅಬ್ದುಲ್ ವಹೀದ್ ಸಾಹೇಬರು ನೌಕರಿಗೆ ಸೇರಿದಂದಿನಿಂದ ಒಂದು ಕಾಗದವನ್ನೂ ಬೇರೆ ರೀತಿ ಪೋಣಿಸಿದವರಲ್ಲ. ಈ ಬಗ್ಗೆ ಪರಮಣ್ಣ ತಕರಾರು ಎತ್ತಿರುತ್ತಾನೆ. ಆತನ ಮಾತು ಇದ್ದಂತೆಯೇ: "ಸಾಹೇಬ್ರ, ಮೊದಲ ನಡದದ್ದು ಮೊದಲ ತೋರಸೋಣ್ರಿ. ಜ್ವರ ಬರ್ತದ, ಹೋಗ್ತದ ಅಂತ ನಾ ಅಲ್ಲೇ ನಿಂತು ಬಾಯಿಲೆ ಹೇಳ್ತೀನ್ರಿ." ಹಂಗಾಮಿ ನೌಕರರ ಬಾಯಿಗೆ ಈ ಸಾಲಿನ ಆಯವ್ಯಯದಲ್ಲಿ ಅವಕಾಶವಿಲ್ಲದ ಕಾರಣ ಕೋರಿಕೆಯನ್ನು ತಳ್ಳಿಹಾಕಿ, ಜ್ವರದ ತುಂಡೇ ಮೊದಲು ಬರುವಂತೆ ಅಂಟಿಸಲಾಯಿತು.

೫. ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್‌ನಲ್ಲಿ ಪ್ರದರ್ಶನ ನಡೆದಿದೆ. ಜ್ವರದಲ್ಲಿ ಮಲಗಿದ್ದವನು ಸೂಜಿ ಚುಚ್ಚಿಕೊಂಡು, ನಗುತ್ತ ನಡೆದದ್ದನ್ನು ಕಂಡು ಊರಿಗೆ ಊರೇ ತೋಳು ಚಾಚಿದೆ. ಇಲಾಖೆ ತನ್ನನ್ನು ತಾನು ಅಭಿನಂದಿಸಿಕೊಳ್ಳುತ್ತಿರುವಾಗ ಊರಿಗೆ ಊರೇ ಜ್ವರದಲ್ಲಿ ಮಲಗಿದೆ. ಸೂಗಮ್ಮ ಎಂಬ ಹೆಣ್ಣುಮಗಳು ಕಂಬಳಿ ಸಮೇತ ಮಾನ್ವಿ ಕಚೇರಿಗೆ ಬಂದು ಕೊಟ್ಟ ಹೇಳಿಕೆ: "ನಿಮ್ಮ ಚಿತ್ರದಾಗ ಜ್ವರ ಮೊದಲ, ಸೂಜಿ ಆಮ್ಯಾಲ. ನನಗ ಸೂಜಿ ಮೊದಲ ಆತು, ಜ್ವರ ಆಮ್ಯಾಲ ಬಂತು. ಈಗ ಇದನ್ನ ಇಳಸಾಕ ಇನ್ನೊಂದು ಸೂಜಿ ಹಾಕ್ರಿ." ಕಂಬಳಿಯನ್ನು ಪುರಾವೆಯಾಗಿ ಇಟ್ಟುಕೊಂಡು, ಉತ್ತರ ಕೋರಿ ಮೇಲಿನ ಕಚೇರಿಗೆ ಬರೆಯಲಾಗಿದೆ. ಅಷ್ಟರಲ್ಲಿ ಜ್ವರ ತಾನಾಗಿ ಬಿಟ್ಟಿದ್ದು, ಅದನ್ನು ಇಲಾಖೆಯ ಸಾಧನೆಗಳಲ್ಲಿ ಸೇರಿಸಿಕೊಳ್ಳಲಾಗಿದೆ.

೬. ಈ ನಡುವೆ ಪರಮಣ್ಣನು ಯಾರ ಅಪ್ಪಣೆಯೂ ಇಲ್ಲದೆ ಮನೆಮನೆಗೆ ಹೋಗಿ, ಮಲಗಿದವರ ಬದಿಗೆ ಕೂತು, ತನ್ನ ತೋಳಿನ ಕಲೆ ತೋರಿಸಿ, ತನಗೂ ಹೀಗೇ ಬಂದು ಹೋಯಿತೆಂದು ಹೇಳಿ, ಗಂಜಿ ಕುಡಿಸಿರುತ್ತಾನೆ. ಜನ ಪರದೆಗಿಂತ ಆತನನ್ನೇ ಹೆಚ್ಚು ನಂಬಿದ್ದಾರೆ. ಇದು ಗಂಭೀರ ಲೋಪ.

೭. ಈ ಸುತ್ತೋಲೆಯ ಅರ್ಥದಲ್ಲಿ ಸಂಶಯ ಬಂದರೆ ಸರ್ಕಾರಿ ಭಾಷೆಯಾದ ಉರ್ದುವಿನ ಮೂಲವನ್ನು ನೋಡುವುದು. ಉರ್ದು ಮೂಲ ಇನ್ನೂ ಬರೆದಾಗಿಲ್ಲ.

೮. ಎಲ್ಲವನ್ನೂ ಪರಿಶೀಲಿಸಲಾಗಿ, ಚಿತ್ರವು ಒಪ್ಪಿಗೆಯಾಗಿದೆ. ಕೊಟ್ಟ ಮಾತಿನಂತೆ ಚಿತ್ರದಲ್ಲಿ ಕಾಣುವ ಪರಮಣ್ಣನನ್ನು ಇಂದಿನಿಂದ ಖಾಯಂಗೊಳಿಸಲಾಗಿದೆ. ಆತನು ಹೇಳಿದಲ್ಲಿ ನಡೆಯುತ್ತಾನೆ, ಹೇಳಿದಷ್ಟೇ ಹೊತ್ತು ನಗುತ್ತಾನೆ, ತಕರಾರು ಎತ್ತುವುದಿಲ್ಲ. ಒಂದೇ ಹುದ್ದೆಗೆ ಇಬ್ಬರನ್ನು ಇಟ್ಟುಕೊಳ್ಳಲು ಅವಕಾಶವಿಲ್ಲದ್ದರಿಂದ ಚಿತ್ರದ ಹೊರಗಿನ ಪರಮಣ್ಣನನ್ನು ಕೈಬಿಡಲಾಗಿದೆ. ಆತನ ತಾಯಿ ಬಂಡೆಮ್ಮ ದೇವದುರ್ಗದಿಂದ ಬಂದು, "ಪರದೆ ಮ್ಯಾಗಿನವ ಉಣ್ಣಂಗಿಲ್ರೀ, ನನ್ನ ಮಗ ಉಣ್ತಾನ," ಎಂದು ಅರಿಕೆ ಮಾಡಿಕೊಂಡಿದ್ದು, ಅದನ್ನು ಉಳಿತಾಯದ ಬಾಬತ್ತಿನಲ್ಲಿ ದಾಖಲಿಸಲಾಗಿದೆ.

(ಸಹಿ ಓದಲಾಗುತ್ತಿಲ್ಲ)
ಇಲಾಖೆಯ ಮುಖ್ಯಸ್ಥರ ಪರವಾಗಿ, ಅವರು ಊರಲ್ಲಿಲ್ಲದಾಗ

ಪ್ರತಿಗಳು:
ಮಾನ್ವಿ ಕಚೇರಿಗೆ, ಸೂಗಮ್ಮನ ಕಂಬಳಿಯನ್ನು ಹಿಂದಿರುಗಿಸುವ ಸೂಚನೆಯೊಂದಿಗೆ.
ಶ್ರೀ ಪರಮಣ್ಣ (ಚಿತ್ರದ ಒಳಗಿನವರು), ಅಭಿನಂದನೆಗಳೊಂದಿಗೆ, ಡಬ್ಬಿಯೊಳಗೆ ಇಡಲು.
ಪರಮಣ್ಣ (ಹೊರಗಿನವನು), ಕ್ಯಾಮೆರಾ ಮತ್ತು ಸೂಜಿ ಒಪ್ಪಿಸಲು.
ಬಂಡೆಮ್ಮ, ದೇವದುರ್ಗ. ಇವರಿಗೆ ಓದಲು ಬಾರದ ಕಾರಣ ಪ್ರತಿ ಕಳುಹಿಸಿಲ್ಲ. ಮಗನೇ ಎದುರಿಗೆ ಕೂತು ಓದಿ ಹೇಳತಕ್ಕದ್ದು.