ಸೊನ್ನೆ ತೆಗೆದು ನಕ್ಷತ್ರ ಇಟ್ಟ ಶುಕ್ರವಾರ

ಕಂಪ್ಯೂಟರ್‌ಗೆ ಕೆಲಸ ಹೇಳುವುದು ಸೊಸೆಗೆ ಹೇಳುವುದಕ್ಕಿಂತ ಸುಲಭ. ಎದುರು ಮಾತಾಡಲ್ಲ, ಮುಖ ಊದಿಸಲ್ಲ. ಹೀಗಂತ ನಾನು ಪೂರ್ತಿ ನಂಬಿದ್ದೆ. ಆ ಶುಕ್ರವಾರ ಮಧ್ಯಾಹ್ನ ಹನ್ನೆರಡು ಗಂಟೆಯವರೆಗೆ!

ನಾನು ಓದಿದ್ದು ಮೂರನೇ ಕ್ಲಾಸು. ಇಂಗ್ಲಿಷ್ ಅಂಕಿ ಬರುತ್ತೆ, ಬಸ್ಸಿನ ನಂಬರ್ ನೋಡಿ ನೋಡಿ ಕಲಿತಿದ್ದು. ಇಷ್ಟು ವಿದ್ಯೆ ಇಟ್ಟುಕೊಂಡು ಇಂದಿರಾನಗರದ ಒಂದು ಕಂಪ್ಯೂಟರ್ ಆಫೀಸಿನಲ್ಲಿ ಆರು ವರ್ಷ ಟೀ ಕಾಯಿಸಿದೆ. ಮೇಜುಗಳ ಮೇಲೆ ಹದಿನಾರು ಮಿಷನ್, ಒಳಗೆ ತಣ್ಣನೆ ಕೋಣೆಯಲ್ಲಿ ಎಂಟು ಸರ್ವರ್. ಆ ಕೋಣೆಗೆ ಸದಾ ಎ.ಸಿ. ನನ್ನ ಅಡುಗೆಕೋಣೆಗೆ ಒಂದು ಫ್ಯಾನೂ ಇರಲಿಲ್ಲ, ಆ ಮಾತು ಬಿಡಿ.

ಈ ಮಿಷನ್‌ಗಳಿಗೂ ಹೊತ್ತುಹೊತ್ತಿಗೆ ಮಾಡುವ ಕೆಲಸಗಳಿರುತ್ತವೆ. ಇಂಥ ಹೊತ್ತಿಗೆ ಹಳೇ ಫೈಲ್ ಗುಡಿಸು, ಇಂಥ ಹೊತ್ತಿಗೆ ಇವತ್ತಿನ ಕೆಲಸಕ್ಕೆಲ್ಲ ಇನ್ನೊಂದು ಕಾಪಿ ತೆಗೆದಿಡು, ಹೀಗೆ. ಮೊದಲು ಒಂದೊಂದು ಮಿಷನ್‌ನಲ್ಲೂ ಒಬ್ಬೊಬ್ಬರು ತಮಗೆ ತಿಳಿದ ಹಾಗೆ ಬರೆದಿಡುತ್ತಿದ್ದರು. ಒಂದು ಗುಡಿಸುತ್ತಿತ್ತು, ಇನ್ನೊಂದು ಮರೆಯುತ್ತಿತ್ತು. ಥೇಟ್ ನಮ್ಮ ಜೋಗುಪಾಳ್ಯದ ವಠಾರ!

ಆಗ ಬಂದಳು ರೇಷ್ಮಾ. ಫ್ರೇಜರ್ ಟೌನ್ ಹುಡುಗಿ, ಚುರುಕು ಅಂದ್ರೆ ಚುರುಕು. ಆರು ತಿಂಗಳು ಕೂತು ಎಲ್ಲ ಮಿಷನ್‌ಗೂ ಸೇರಿಸಿ ಒಂದೇ ಪಟ್ಟಿ ಮಾಡಿದಳು. ಪಟ್ಟಿ ಇರುವುದು ಒಂದು ಸರ್ವರ್‌ನಲ್ಲಿ. ಉಳಿದವೆಲ್ಲ ಹತ್ತು ನಿಮಿಷಕ್ಕೊಮ್ಮೆ ಅದನ್ನು ಓದಿ ತಮ್ಮನ್ನು ತಾವೇ ತಿದ್ದಿಕೊಳ್ಳಬೇಕು. ಯಾರಾದರೂ ತಮ್ಮ ಮಿಷನ್‌ನಲ್ಲಿ ಕಳ್ಳತನದಿಂದ ಏನಾದರೂ ಬದಲಾಯಿಸಿದರೆ, ಹತ್ತು ನಿಮಿಷದಲ್ಲಿ ಮತ್ತೆ ಪಟ್ಟಿಯಲ್ಲಿ ಇದ್ದ ಹಾಗೇ ಆಗಿಬಿಡುತ್ತೆ.

ನಮ್ಮ ಯಜಮಾನರಾದ ಫಿಲಿಪ್ ಸಾರ್‌ಗೆ ಇದು ಇಷ್ಟವಿರಲಿಲ್ಲ. "ಒಂದು ಕಡೆ ತಪ್ಪಾದ್ರೆ ಇಪ್ಪತ್ನಾಲ್ಕು ಕಡೆ ತಪ್ಪಾಗುತ್ತಲ್ಲಮ್ಮ" ಅಂದರು. "ಶುಕ್ರವಾರ ನಮಗೆ ಕೆಲಸ ಕೊಡೋ ಮುಂಬೈ ಕಂಪನಿಯಿಂದ ಇಬ್ಬರು ಬರ್ತಾರೆ. ಅವರಿಗೆ ತೋರಿಸು. ಒಪ್ಪಿದ್ರೆ ಪಟ್ಟಿ ಇರಲಿ. ಇಲ್ಲಾಂದ್ರೆ ಸೋಮವಾರದಿಂದ ಹಳೇ ಥರಾನೇ."

ಹುಡುಗಿ ಊಟ ಬಿಟ್ಟಳು. ನಾನು ಬೈದು ತಿನ್ನಿಸಿದೆ.

ಈ ಪಟ್ಟಿಯಲ್ಲಿ ನನಗೂ ಒಂದು ಸಾಲು ಇತ್ತು. ಮಂಡಿ ನೋವಿನಲ್ಲಿ ಕೋಣೆ ಕೋಣೆಗೆ ಹೋಗಿ ಟೀಗೆ ಕೂಗುವುದು ನನಗೆ ಆಗುತ್ತಿರಲಿಲ್ಲ. ಅದಕ್ಕೆ ರೇಷ್ಮಾ ನನ್ನ ದನಿಯನ್ನೇ ಹಿಡಿದು ಮಿಷನ್‌ಗಳಿಗೆ ಹಾಕಿದ್ದಳು. ದಿನಾ ಹನ್ನೊಂದಕ್ಕೆ ಸರಿಯಾಗಿ ಹದಿನಾರು ಮಿಷನ್‌ನಿಂದ ನಾನೇ ಕೂಗುತ್ತಿದ್ದೆ: "ಏಳ್ರಪ್ಪಾ ಮೇಲೆ! ಟೀ ಆರಿಹೋದ್ರೆ ಮತ್ತೆ ಬಿಸಿ ಮಾಡ್ಕೊಡಲ್ಲ!"

ಮನೆಯಲ್ಲಿ ನನ್ನ ಗಂಡನ ಮುಂದೆ ಜಂಬ ಕೊಚ್ಚಿದೆ. "ನನ್ನ ಮಾತು ಇಪ್ಪತ್ನಾಲ್ಕು ಮಿಷನ್ ಕೇಳುತ್ತೆ, ಗೊತ್ತಾ?"

"ನಮ್ಮನೆ ಮಿಕ್ಸಿಗೂ ಒಂದು ಮಾತು ಹೇಳೇ. ಮೂರು ದಿನದಿಂದ ತಿರುಗ್ತಾ ಇಲ್ಲ" ಅಂದರು ಅವರು. ಹೊಟ್ಟೆಕಿಚ್ಚು!

ಶುಕ್ರವಾರ ಬಂತು. ಮುಂಬೈಯವರು ಬರುವುದೇ ಹನ್ನೊಂದಕ್ಕೆ, ಆದ್ದರಿಂದ ಟೀ ಹನ್ನೆರಡಕ್ಕೆ ಎಂದು ತೀರ್ಮಾನವಾಯಿತು. ರೇಷ್ಮಾ ನನ್ನನ್ನು ಕೂರಿಸಿಕೊಂಡು ಪಟ್ಟಿಯ ಆ ಸಾಲು ತೆರೆದು ತೋರಿಸಿದಳು. ಅಷ್ಟರಲ್ಲಿ ಫಿಲಿಪ್ ಸಾರ್ ಕೂಗಿದರು. ಅವಳು ಎದ್ದು ಓಡುತ್ತಾ ಹೇಳಿದಳು: "ಅಜ್ಜಿ, ಈ ಹನ್ನೊಂದನ್ನ ಹನ್ನೆರಡು ಮಾಡಿ, ಈ ಗುಂಡಿ ಒತ್ತಿ. ಬೇರೆ ಏನೂ ಮುಟ್ಬೇಡಿ, ನಿಮ್ಗೆ ಕೈ ಮುಗೀತೀನಿ!"

ಹನ್ನೊಂದು ಹನ್ನೆರಡಾಯಿತು. ಅಲ್ಲಿಗೆ ನಾನು ಎದ್ದು ಹೋಗಬೇಕಿತ್ತು.

ಹೋಗಲಿಲ್ಲ. ಸಾಲನ್ನೊಮ್ಮೆ ನೋಡಿದೆ. ಕೊನೆಯಲ್ಲಿ ಇಂಗ್ಲಿಷಿನ ಬರಹ, ಅದಕ್ಕೆ ಮೊದಲು ಮೂರು ನಕ್ಷತ್ರದ ಗುರುತು, ಅದಕ್ಕೆ ಮೊದಲು ನನ್ನ ಹನ್ನೆರಡು. ಎಲ್ಲದಕ್ಕೂ ಮೊದಲು, ಸಾಲಿನ ನೆತ್ತಿಯ ಮೇಲೇ, ಒಂದು ಸೊನ್ನೆ! ಶುಕ್ರವಾರ, ಮನೆಗೆ ನೆಂಟರು ಬರುವ ಹಾಗೆ ಜನ ಬರುತ್ತಿದ್ದಾರೆ, ಹುಡುಗಿಯ ಆರು ತಿಂಗಳ ದುಡಿಮೆ ತೂಗಾಡುತ್ತಿದೆ, ಅಲ್ಲಿ ಸೊನ್ನೆ! ಮದುವೆಗೆ ಮುಯ್ಯಿ ಮಾಡುವಾಗಲೂ ಐವತ್ತೊಂದು, ನೂರಾ ಒಂದು ಅಂತ ಹಾಕುವ ಜನ ನಾವು. ಓದಿದವರಿಗೆ ಇಷ್ಟೂ ತಿಳಿಯಬಾರದೇ?

ಒಂದು ಹಾಕೋಣ ಅಂದುಕೊಂಡೆ. ಆಮೇಲೆ ಮೂರು ನಕ್ಷತ್ರ ಹೇಗೂ ಇವೆ, ಈ ಕಡೆಗೂ ಒಂದಿದ್ದರೆ ರಂಗೋಲಿಯ ಹಾಗೆ ಲಕ್ಷಣವಾಗಿರುತ್ತೆ ಅನ್ನಿಸಿತು. ಸೊನ್ನೆ ತೆಗೆದೆ. ನಕ್ಷತ್ರ ಇಟ್ಟೆ. ಗುಂಡಿ ಒತ್ತಿದೆ. ಮನಸ್ಸಿನಲ್ಲೇ ಹುಡುಗಿಯ ದೃಷ್ಟಿ ತೆಗೆದೆ.

ಹನ್ನೆರಡು ಗಂಟೆ. ಒಲೆಯ ಮೇಲೆ ಹಾಲಿಟ್ಟಿದ್ದೆ. ಸರಿಯಾಗಿ ಹದಿನಾರು ಮಿಷನ್ ಕೂಗಿದವು: "ಏಳ್ರಪ್ಪಾ ಮೇಲೆ!" ಮೀಟಿಂಗ್ ಕೋಣೆಯಿಂದ ನಗು ಕೇಳಿಸಿತು. ನನಗೆ ಹೆಮ್ಮೆಯೋ ಹೆಮ್ಮೆ.

ಹನ್ನೆರಡು ಗಂಟೆ ಒಂದು ನಿಮಿಷ. "ಏಳ್ರಪ್ಪಾ ಮೇಲೆ!"

ಯಾರೋ ಏಳಲಿಲ್ಲವೇನೋ ಅಂದುಕೊಂಡೆ.

ಎರಡು ನಿಮಿಷ. "ಏಳ್ರಪ್ಪಾ ಮೇಲೆ! ಟೀ ಆರಿಹೋದ್ರೆ..."

ಒಲೆ ಬಿಟ್ಟು ಓಡಿದೆ. ಕನ್ನಡ ಬಾರದ ಮುಂಬೈಯವರಿಬ್ಬರೂ ಇದು ಬೆಂಕಿಯ ಸೈರನ್ ಎಂದು ತಿಳಿದು ಬ್ಯಾಗ್ ಎತ್ತಿಕೊಂಡು ನಿಂತಿದ್ದರು. ಸ್ಪೀಕರ್ ಇಲ್ಲದ ಸರ್ವರ್‌ಗಳು ಒಳಗಿನಿಂದ ಕುಂಯ್ ಕುಂಯ್ ಅನ್ನುತ್ತಿದ್ದವು. ನಾನು ಮೇಜಿನ ಕೆಳಗೆ ನುಗ್ಗಿ ಒಂದು ವೈರ್ ಕಿತ್ತೆ. ಅದು ಟೇಬಲ್ ಫ್ಯಾನಿನದು! ಹಾರುತ್ತಿದ್ದ ಕಾಗದಗಳು ನಿಂತವು, ನನ್ನ ಕೂಗು ನಿಲ್ಲಲಿಲ್ಲ. ನನ್ನ ದನಿ ಇಷ್ಟು ಕರ್ಕಶ ಅಂತ ನಲವತ್ತು ವರ್ಷದಿಂದ ನನ್ನ ಗಂಡ ಹೇಳುತ್ತಿದ್ದದ್ದು ನಿಜವೆಂದು ಅವತ್ತೇ ಗೊತ್ತಾಗಿದ್ದು.

ಫಿಲಿಪ್ ಸಾರ್ ಕ್ಯಾಬಿನ್‌ಗೆ ಹೋಗಿ ತಮ್ಮ ಮಿಷನ್‌ನಲ್ಲಿದ್ದ ಆ ಸಾಲನ್ನು ಅಳಿಸಿದರು. "ನೋಡಿ, ನಂದು ಸೈಲೆಂಟ್!" ಎಂದು ಗೆದ್ದವರ ಹಾಗೆ ಹೊರಗೆ ಬಂದರು. ಹನ್ನೆರಡೂ ಹತ್ತಕ್ಕೆ ಸರಿಯಾಗಿ ಕ್ಯಾಬಿನ್ ಒಳಗಿನಿಂದ ನಾನು ಕೂಗಿದೆ: "ಏಳ್ರಪ್ಪಾ ಮೇಲೆ!"

ಪಟ್ಟಿ ತನ್ನ ಕೆಲಸ ಮಾಡಿತ್ತು.

"ನಾನು ಹೇಳಿರ್ಲಿಲ್ವಾ?" ಅಂದರು ಫಿಲಿಪ್ ಸಾರ್, ಕೆಂಪಾಗಿ. "ತಪ್ಪನ್ನೂ ಮತ್ತೆ ತಂದು ಇಡುತ್ತೆ ಇದು! ಸಾಕಮ್ಮ, ಸೋಮವಾರದಿಂದ ಹಳೇ ಥರಾನೇ."

ರೇಷ್ಮಾ ನನ್ನ ಕಡೆ ತಿರುಗಿದಳು. "ಅಜ್ಜಿ, ಬೇರೆ ಏನಾದ್ರೂ ಮುಟ್ಟಿದ್ರಾ?"

"ಇಲ್ಲಪ್ಪ!" ಅಂದೆ. ನಾಲಿಗೆಗೆ ನನಗಿಂತ ಅವಸರ.

ಅವಳು ತಲೆ ತಗ್ಗಿಸಿ "ಸರಿ ಸಾರ್, ನನ್ನದೇ ತಪ್ಪಿರ್ಬೇಕು" ಅಂದಳು. ಆ ಮುಖ ನೋಡಿ ಇನ್ನು ಹೇಗೆ ಸುಮ್ಮನಿರಲಿ?

"ಮುಟ್ಟಿದೆ ಕಣಮ್ಮ! ಸೊನ್ನೆ ತೆಗೆದೆ. ನಕ್ಷತ್ರ ಇಟ್ಟೆ."

"ಯಾ ಅಲ್ಲಾ! ಯಾಕಜ್ಜೀ?"

"ಸೊನ್ನೆ ಅಪಶಕುನ ಅಲ್ವಾ? ನಿಂಗೆ ಒಳ್ಳೇದಾಗ್ಲಿ ಅಂತ."

ಅವಳು ನಗತೊಡಗಿದಳು, ಕಣ್ಣಲ್ಲಿ ನೀರು ಬರುವಷ್ಟು. ಆ ಜಾಗ ನಿಮಿಷದ್ದಂತೆ. ಸೊನ್ನೆ ಅಂದರೆ ಗಂಟೆ ಹೊಡೆದಾಗ ಒಂದೇ ಸಲ. ನಕ್ಷತ್ರ ಅಂದರೆ ಪ್ರತಿ ನಿಮಿಷ! ಒಂದು ಹಾಕಿದ್ದರೆ ಟೀ ಒಂದು ನಿಮಿಷ ತಡವಾಗುತ್ತಿತ್ತು, ಅಷ್ಟೇ. ಅಂದ ನೋಡಿ ಕೆಟ್ಟೆ.

ಅವಳು ಪಟ್ಟಿಯಲ್ಲಿ ಒಂದೇ ಒಂದು ಅಕ್ಷರ ತಿದ್ದಿದಳು. ಎಲ್ಲರೂ ಗಡಿಯಾರ ನೋಡುತ್ತಾ ನಿಂತರು. ಹನ್ನೆರಡೂ ಇಪ್ಪತ್ತಕ್ಕೆ ಇಪ್ಪತ್ನಾಲ್ಕು ಮಿಷನ್ ಗಪ್‌ಚುಪ್! ನನ್ನ ಜೀವನದಲ್ಲಿ ನಾನು ಅಷ್ಟು ಬೇಗ ಬಾಯಿ ಮುಚ್ಚಿದ್ದು ಅದೊಂದೇ ಸಲ.

ಮುಂಬೈಯವರಲ್ಲಿ ಹಿರಿಯರಾದವರು ಹಿಂದಿಯಲ್ಲಿ ಏನೋ ಹೇಳಿದರು. ಅದನ್ನೇ ರೇಷ್ಮಾ ನನಗೆ ಕನ್ನಡದಲ್ಲಿ ಹೇಳಿದಳು: "ನಮ್ಮಲ್ಲಿ ತಪ್ಪು ನಲವತ್ತು ಕಡೆ ನಲವತ್ತು ಥರ ಇರುತ್ತೆ, ಹುಡುಕೋದ್ರಲ್ಲೇ ವಾರ ಹೋಗುತ್ತೆ. ಇಲ್ಲಿ ಒಂದು ಕಡೆ ತಿದ್ದಿದ್ರೆ ಎಲ್ಲಾ ಕಡೆ ಸರಿಯಾಯ್ತು. ಯಜಮಾನರು ಅಳಿಸಿದ್ರೂ ಪಟ್ಟಿ ಬಗ್ಗಲಿಲ್ಲ. ನಮಗೂ ಇಂಥದ್ದೇ ಬೇಕು ಅಂತಾರೆ ಅಜ್ಜಿ!"

ಫಿಲಿಪ್ ಸಾರ್ ಕೆಮ್ಮಿದರು. ಪಟ್ಟಿ ಉಳಿಯಿತು. ಜೊತೆಗೆ ಒಂದು ಹೊಸ ನಿಯಮ: ಇಬ್ಬರು ಓದಿ ನೋಡದೆ ಯಾರೂ ಪಟ್ಟಿ ಮುಟ್ಟಕೂಡದು. ಆ ಇಬ್ಬರಲ್ಲಿ ಅಜ್ಜಿ ಇರಕೂಡದು!

"ಈಗಾದ್ರೂ ಟೀ ಕೊಡಿ ಅಮ್ಮಾ" ಅಂದರು ಫಿಲಿಪ್ ಸಾರ್.

ಟೀ! ಅಡುಗೆಕೋಣೆಗೆ ಓಡಿದೆ. ಹಾಲು ಉಕ್ಕಿ, ಉಳಿದದ್ದು ಸೀದು, ಪಾತ್ರೆಯ ತಳ ಇದ್ದಿಲಾಗಿತ್ತು. ಹದಿನಾರು ಬಾಯಲ್ಲಿ ಮುನ್ನೂರು ಸಲ ಟೀಗೆ ಕರೆದವಳು ಒಂದು ಲೋಟ ಟೀ ಮಾಡಿರಲಿಲ್ಲ!

ಹಿಂದಿನ ಬಾಗಿಲಿಂದ ಹೋಗಿ ಮೂಲೆಯ ಗೂಡಂಗಡಿಯಲ್ಲಿ ಫ್ಲಾಸ್ಕ್ ತುಂಬಿಸಿ ತಂದು, ನಮ್ಮ ಲೋಟಗಳಿಗೆ ಬಗ್ಗಿಸಿ ಗಂಭೀರವಾಗಿ ಹಂಚಿದೆ. ಫಿಲಿಪ್ ಸಾರ್ ಒಂದು ಗುಟುಕು ಕುಡಿದು ಕಣ್ಣರಳಿಸಿದರು.

"ಅಮ್ಮಾ, ಆರು ವರ್ಷದಲ್ಲಿ ನೀವು ಇಷ್ಟು ಚೆನ್ನಾಗಿ ಟೀ ಮಾಡಿದ್ದು ಇವತ್ತೇ!"