ಎಂಟು ತಾಸು ಮಲಗಿದರೆ ಗಾಯ ಮಾಯ

ಗಾಯ ಅನ್ನುವುದು ನನ್ನ ಬೆನ್ನು ಬಿಟ್ಟಿದ್ದೇ ಇಲ್ಲ. ವಾರದಲ್ಲಿ ಆರು ದಿನ ಸಿಂಧನೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುತ್ತೇನೆ. ಏಳನೆಯ ದಿನ ಆಟಕ್ಕೆಂದು ಕೂತರೆ ಅಲ್ಲೂ ಯಾರಿಗೋ ಕತ್ತಿಯೇಟು ಬಿದ್ದಿರುತ್ತದೆ.

ಈ ಆಟವನ್ನು ನಮಗೆ ಅಂಟಿಸಿದವರು ಲಿಂಗಸುಗೂರಿನ ಹೈಸ್ಕೂಲ್ ಮೇಷ್ಟ್ರು. ಭಾನುವಾರ ಬಸ್ ಹತ್ತಿ ಬರುತ್ತಾರೆ. ಕಾಡು, ಕೋಟೆ, ರಾಕ್ಷಸ ಅಂತ ಕತೆ ಹೇಳುತ್ತಾ ಹೋಗುತ್ತಾರೆ. ನಾವು ಆ ಕತೆಯೊಳಗಿನ ಪಾತ್ರಗಳು. ಏನು ಮಾಡುತ್ತೇವೆಂದು ನಾವು ಹೇಳಬೇಕು. ಅದು ಆಗುತ್ತದೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಇಪ್ಪತ್ತು ಬಿದ್ದರೆ ಗೆದ್ದಂತೆ, ಒಂದು ಬಿದ್ದರೆ ಗೋವಿಂದ. ಯಾರಿಗೆ ಎಷ್ಟು ಜೀವ ಉಳಿದಿದೆ ಎಂಬುದು ಚೀಟಿಯ ಮೇಲೆ ಅಂಕಿಯಲ್ಲಿ ಇರುತ್ತದೆ.

ಆಡುವವರು ಮೂವರು. ಒಬ್ಬರು ರೈಸ್ ಮಿಲ್ಲಿನ ಸೂಪರ್‌ವೈಸರ್. ನಾವು ಕೂರುವುದು ಮಿಲ್ಲಿನಲ್ಲಿ ಅವರ ಕೋಣೆಯಲ್ಲೇ. ಇನ್ನೊಬ್ಬ ಮಸ್ಕಿಯ ಮೆಕ್ಯಾನಿಕ್, ಭತ್ತ ಕೊಯ್ಯುವ ಯಂತ್ರ ರಿಪೇರಿ ಮಾಡುವವನು. ಯಂತ್ರದ ಬೆಲ್ಟಿಗೆ ಬಲಗೈ ಸಿಕ್ಕಿ, ಬೆರಳು ಮುರಿದು, ಪ್ಲಾಸ್ಟರ್ ಹಾಕಿಸಿಕೊಂಡು ಸುಮ್ಮನೆ ಕೂತಿದ್ದಾಗ ಆಟಕ್ಕೆ ಸೇರಿದ. ಹೆಂಡತಿಯೇ ಗಾಡಿ ಓಡಿಸಿಕೊಂಡು ಕರೆತರುತ್ತಾಳೆ, ಅವನ ಪರವಾಗಿ ದಾಳವನ್ನೂ ಅವಳೇ ಒಗೆಯುತ್ತಾಳೆ. ಆ ಕೈ ಮತ್ತೆ ಪಾನಾ ಹಿಡಿದು ನಟ್ಟು ತಿರುವುತ್ತದೋ ಇಲ್ಲವೋ ಎಂಬುದೊಂದೇ ಆ ಮನೆಯ ಚಿಂತೆ. ಕೈ ಎತ್ತಲಾರದ ಆ ಮನುಷ್ಯ ಆಟದಲ್ಲಿ ಖಡ್ಗವೀರ!

ಮೂರನೆಯವಳು ನಾನು. "ಸಿಸ್ಟರ್, ನೀವು ವೈದ್ಯರಾಗ್ರಿ" ಅಂದರು ಮೇಷ್ಟ್ರು.

"ಆರು ದಿನ ಅದನ್ನ ಮಾಡೀನ್ರೀ ಸರ್, ಏಳನೇ ದಿನಾನೂ ಬ್ಯಾಂಡೇಜ್ ಸುತ್ತಲೇನು? ನನಗ ಕಳ್ಳತನ ಕೊಡ್ರಿ" ಅಂದೆ. ಕೊಟ್ಟರು. ವೈದ್ಯಕಿ ಸೂಪರ್‌ವೈಸರ್ ಪಾಲಿಗೆ ಹೋಯಿತು.

ನೋಡಲು ಬಂದವರು

ಮೊದಲ ಭಾನುವಾರವೇ ಖಡ್ಗವೀರನ ಹೊಟ್ಟೆಗೆ ಭರ್ಜಿ ಬಿತ್ತು. "ಏನೂ ಆಗಂಗಿಲ್ಲ. ಎಂಟು ತಾಸು ಮಲಗಿದ್ರ ಎಲ್ಲಾ ಜೀವ ವಾಪಸ್ ಬರ್ತಾವ, ನಿಯಮ ಐತಿ" ಅಂದರು ಮೇಷ್ಟ್ರು.

ನಾನು ಬಾಯಿ ತೆರೆದು ಕೂತೆ. ಗಾಯ ಅಂಚಿನಿಂದ ಒಳಕ್ಕೆ ದಿನಕ್ಕೆ ಇಷ್ಟಿಷ್ಟೇ ಗುಲಾಬಿ ಬಣ್ಣಕ್ಕೆ ತಿರುಗುವುದನ್ನು ವರ್ಷಗಟ್ಟಲೆ ನೋಡಿದವಳು ನಾನು. ಪ್ರತಿ ಸಲವೂ ಅದು ನನಗೆ ಪವಾಡವೇ. ಇಲ್ಲಿ ಒಂದೇ ನಿದ್ದೆಗೆ ಮುಗಿಯಿತು ಅಂದರೆ!

ಮೆಕ್ಯಾನಿಕ್ ಒಪ್ಪಲಿಲ್ಲ. "ಸರ್, ಪೆಟ್ಟು ಬಿದ್ದಾಂವ್ನ ನಮ್ಮ ಕಡೆ ಎಂಟು ತಾಸು ಮಲಗಾಕ ಯಾರು ಬಿಡ್ತಾರ? ಮಾತಾಡ್ಸಾಕ ಬರ್ತಾರ್ರೀ ಮಂದಿ. ನನ್ನ ಕೈ ಮುರದಾಗ ಹದಿನೈದು ದಿನ ಕಣ್ಣು ಮುಚ್ಚಿಲ್ಲ. ಹೆಂಗಾತು ಹೆಂಗಾತು ಅಂತ ಎಲ್ಲಾರ್ಗೂ ಮೊದ್ಲಿಂದ ಹೇಳ್ಬೇಕು."

ಮಾತು ನಿಜ. ಮೇಷ್ಟ್ರು ಅಲ್ಲೇ ಹೊಸ ನಿಯಮ ಬರೆದರು: ನೋಡಲು ಬಂದವರು ಒಬ್ಬರಿಗೆ ಒಂದು ಜೀವ ಕಡಿಮೆ. "ನಮ್ಮ ಮಾವಗೂ ಹಿಂಗ ಆಗಿತ್ತು, ಉಳೀಲಿಲ್ಲ" ಅನ್ನುವವರು ಬಂದರೆ ಎರಡು. ಎಷ್ಟು ಜನ ಬರುತ್ತಾರೆ ಎಂದು ದಾಳ ಒಗೆದರೆ ಹತ್ತೊಂಬತ್ತು ಬಿತ್ತು. ಖಡ್ಗವೀರ ಬೆಳಗ್ಗೆ ಎರಡೇ ಜೀವ ಇಟ್ಟುಕೊಂಡು ಎದ್ದ. ರಾಕ್ಷಸ ಬಿಟ್ಟುಹೋದವನನ್ನು ಬೀಗರು ಬಿಡಲಿಲ್ಲ.

ಮದ್ದಿನ ಗುಟ್ಟು

ಸೂಪರ್‌ವೈಸರ್ ಅವರ ಅಜ್ಜ ಕಾಮಾಲೆಗೆ ಬೇರು ಅರೆದು ಕೊಡುತ್ತಿದ್ದವರು. ಆ ಮನೆತನದ ಗತ್ತು ಆಟಕ್ಕೂ ಬಂತು. ನನ್ನ ಕಳ್ಳಿ ಗೋಡೆಯಿಂದ ಬಿದ್ದು ಕಾಲು ಮುರಿದುಕೊಂಡಾಗ ಅವರು ಗಂಭೀರವಾಗಿ, "ನಾನು ಮದ್ದು ಕೊಟ್ಟೆ" ಅಂದರು.

"ಯಾವ ಮದ್ದು?" ಮೇಷ್ಟ್ರು ಕೇಳಿದರು.

"ಹೇಳಂಗಿಲ್ರೀ. ಹೆಸರು ಹೇಳಿದ್ರ ಮದ್ದು ನಡಿಯಂಗಿಲ್ಲ."

"ರೀ, ಆಟ ನಡಸೋನು ನಾನು! ಯಾವುದಂತ ಗೊತ್ತಾಗದ ಎಷ್ಟು ಜೀವ ಕೊಡ್ಲಿ?"

"ನೀವು ಕೊಡ್ರಿ. ಸರಿ ಇದ್ರ ನಾನು ತಲಿ ಆಡಸ್ತೀನಿ."

ಮೇಷ್ಟ್ರು "ಎಂಟು?" ಅಂದರು. ಸೂಪರ್‌ವೈಸರ್ ಸುಮ್ಮನೆ ಕೂತರು. "ಹತ್ತು?" ಸುಮ್ಮನೆ. ಹದಿನಾರಕ್ಕೆ ತಲೆ ಆಡಿತು. ಇಷ್ಟೆಲ್ಲ ಆದ ಮೇಲೆ ನನ್ನ ಕಡೆ ತಿರುಗಿ, "ಸಿಸ್ಟರ್, ಮೂರು ದಿನ ಬದನಿಕಾಯಿ ತಿನಬ್ಯಾಡ್ರಿ" ಎಂದು ಪಥ್ಯ ಬೇರೆ ಹೇಳಿದರು. ನಾನು ಮೂರು ದಿನ ನಿಜವಾಗಿಯೂ ತಿನ್ನಲಿಲ್ಲ.

ಒಂದೇ ಜೀವ

ಆಟದ ಇನ್ನೊಂದು ವಿಚಿತ್ರವೆಂದರೆ, ನಲವತ್ತು ಜೀವ ಇದ್ದವನು ಹೇಗೆ ಓಡುತ್ತಾನೋ, ಒಂದೇ ಜೀವ ಉಳಿದವನೂ ಹಾಗೇ ಓಡುತ್ತಾನೆ. ಕುಂಟುವುದಿಲ್ಲ, ನರಳುವುದಿಲ್ಲ. "ಇದು ಶುದ್ಧ ಸುಳ್ಳು" ಎಂದು ನಾನು ಮೇಷ್ಟ್ರ ಜೊತೆ ಜಗಳ ಆಡಿದ್ದೆ.

ಮಾರನೆಯ ದಿನ ನಮ್ಮ ನರ್ಸಿಂಗ್ ಹೋಮಿಗೆ ದಢೇಸುಗೂರಿನಿಂದ ಒಬ್ಬ ಅಜ್ಜಿ ಬಂದಳು. ಮೇವು ಕೊಯ್ಯುವಾಗ ಕುಡಗೋಲು ಪಾದಕ್ಕೆ ಬಿದ್ದಿತ್ತು. ಸೀರೆಯ ಚೂರು ಬಿಚ್ಚಿದರೆ ಬಿಳಿ ಎಲುಬು ಕಾಣಿಸಿತು.

"ಯಾವಾಗ ಬಡೀತಬೇ ಯಮ್ಮಾ?"

"ಮುಂಜಾನಿ. ಎಮ್ಮಿಗೆ ಮೇವು ಹಾಕಿ, ಹಾಲು ಹಿಂಡಿ, ರೊಟ್ಟಿ ಬಡದು ಬಂದೀನಿ."

ಹೊಲಿಗೆ ಹಾಕುವಾಗ ಅಜ್ಜಿ ಕಮಕ್ ಕಿಮಕ್ ಅನ್ನಲಿಲ್ಲ. ಇಂಥವರ ಮುಂದೆ ನಾನು ಕಲಿತದ್ದು ಎಷ್ಟು ಅಂತ ಅನಿಸಿ ಅವಳ ಕಾಲನ್ನು ಹಾಗೇ ಹಿಡಿದು ಕೂತೆ. ಅವಳು ನನ್ನ ಮುಖ ನೋಡಿ ಅಂದಳು: "ಯಾಕವ್ವಾ, ನಿನಗ ರಕ್ತ ನೋಡಿ ಅಂಜಿಕಿ ಏನು? ಬ್ಯಾರೆ ಕೆಲಸ ಹಿಡಿಬಾರ್ದೇನು?"

ಸೇತುವೆಯ ಮೇಲೆ

ಮೆಕ್ಯಾನಿಕ್‌ನ ಪ್ಲಾಸ್ಟರ್ ಬಿಚ್ಚಿದರು. ಬೆರಳು ದಿನಾ ಮಡಚಬೇಕು, ಇಲ್ಲದಿದ್ದರೆ ಹಾಗೇ ಸೆಟೆದು ನಿಲ್ಲುತ್ತವೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಇವನು ಮಡಚಲಿಲ್ಲ. ನಾನು ಗದರಿದೆ, ಹೆಂಡತಿ ಅತ್ತಳು. "ಬಾಳ ನೋಯ್ತತ್ರೀ ಸಿಸ್ಟರ್. ಮುಗೀತು ಬಿಡ್ರಿ, ಈ ಕೈ ಇನ್ನ ಕೆಲಸಕ್ಕ ಬರಂಗಿಲ್ಲ" ಅನ್ನುತ್ತಿದ್ದ.

ಆ ಭಾನುವಾರ ಖಡ್ಗವೀರ ಒಂದು ಸೇತುವೆಯ ಮೇಲೆ ರಾಕ್ಷಸನಿಗೆ ಎದುರಾಗಿ ನಿಂತಿದ್ದ. ಹೆಂಡತಿ ದಾಳಕ್ಕೆ ಕೈ ಹಾಕಿದಳು. ಮೇಷ್ಟ್ರು ತಡೆದರು. "ಇವತ್ತಿನಿಂದ ಅವರವರ ದಾಳ ಅವರವರ ಬಲಗೈಯಾಗ. ಎತ್ತಾಕ ಬರದಿದ್ರ ವೀರ ನಿಂತಲ್ಲೇ ನಿಲ್ತಾನ."

ನಿಂತ. ಮೂರು ಭಾನುವಾರ ನಿಂತ. ರಾಕ್ಷಸನೂ ನಿಂತ. "ಗಡಿಬಿಡಿ ಇಲ್ಲ ತಮ್ಮಾ, ನಾನೂ ಇಲ್ಲೇ ಅದೀನಿ" ಎಂದು ಮೇಷ್ಟ್ರು ರಾಕ್ಷಸನ ದನಿಯಲ್ಲಿ ಸಮಾಧಾನ ಹೇಳುತ್ತಿದ್ದರು. ನಾನೂ ಸೂಪರ್‌ವೈಸರೂ ಅವನ ಹಿಂದೆ ಸೇತುವೆಯ ಮೇಲೆ ಸಾಲಾಗಿ ಕಾದೆವು. ಮನೆಯಲ್ಲಿ ಅವನು ಶೇಂಗಾ ಎತ್ತುತ್ತಿದ್ದಾನೆ, ಹುಣಸೆಬೀಜ ಎತ್ತುತ್ತಿದ್ದಾನೆ ಎಂದು ಹೆಂಡತಿ ಮೆಲ್ಲಗೆ ಸುದ್ದಿ ಕೊಟ್ಟಳು.

ನಾಲ್ಕನೆಯ ಭಾನುವಾರ ಅವನು ದಾಳಕ್ಕೆ ಕೈ ಚಾಚಿದ. ಹೆಬ್ಬೆರಳು ಬಂತು, ತೋರುಬೆರಳು ನಡುಗುತ್ತಾ ಬಂತು, ಕೊನೆಗೆ ನಡುಬೆರಳು. ಹಣೆಯಲ್ಲಿ ಬೆವರು. ದಾಳ ಮೇಜು ಬಿಟ್ಟು ಮೇಲೆದ್ದಿತು. ಸಾವಿರ ಪಟ್ಟಿ ಕಟ್ಟಿದ ನಾನು ಕೂತಲ್ಲಿಂದ ಎದ್ದು ನಿಂತೆ. ಅವನು ಒಗೆದ. ದಾಳ ಉರುಳಿ ಉರುಳಿ ಗೋಡೆಗೆ ಬಡಿದು ನಿಂತಿತು.

ಒಂದು.

"ಸೇತುವೆ ಮುರೀತು. ಖಡ್ಗವೀರ ಸತ್ತ" ಅಂದರು ಮೇಷ್ಟ್ರು, ಸಣ್ಣ ದನಿಯಲ್ಲಿ. ಯಾರೂ ಕೇಳಿಸಿಕೊಳ್ಳಲಿಲ್ಲ. ಅವನು ತನ್ನ ಕೈ ನೋಡಿಕೊಳ್ಳುತ್ತಿದ್ದ. ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಆಮೇಲೆ ನಾವೆಲ್ಲ ಕೂಗಿದ ಕೂಗಿಗೆ ಮಿಲ್ಲಿನ ಹಮಾಲರೊಬ್ಬರು ಗಾಬರಿಯಿಂದ ಓಡಿಬಂದು ಬಾಗಿಲಲ್ಲಿ ನಿಂತರು.

"ಏನಾತ್ರೀ? ಏನಾತು?"

ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ, ಮುಖದ ತುಂಬ ನಗುತ್ತಾ ಹೇಳಿದಳು: "ನಮ್ಮನಿಯವ್ರು ಸತ್ರೋ ಯಣ್ಣಾ! ತಮ್ಮ ಕೈಲೆ ತಾವೇ ಒಗದು ಸತ್ರು! ಎಲ್ಲಾರ್ಗೂ ಚಾ ಹೇಳು!"